ಮುಖದ ಮೇಲಿನ ಬಟ್ಟೆ

ನಮ್ಮವರಿಗೆ ಇಬ್ಬರು ಹೆಂಡಿರು ಎಂದು ನಾನು ಬಾಲ್ಟಿಮೋರ್ ಹತ್ತಿರದ ನಮ್ಮೂರು ಕೊಲಂಬಿಯಾದ ಸ್ನೇಹಿತರ ಮುಂದೆ ಹೇಳಿ ನಗಿಸುತ್ತಿದ್ದೆ. ಒಬ್ಬಳು ನಾನು. ಇನ್ನೊಬ್ಬ, ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಒಬ್ಬ ಶಸ್ತ್ರವೈದ್ಯ. ಗಂಡಸಾದರೇನು, ಸವತಿ ಸವತಿಯೇ. ಊಟಕ್ಕೆ ಕೂತರೆ ಅವನ ಮಾತು, ವಾಕಿಂಗ್ ಹೊರಟರೆ ಅವನ ಮಾತು. ಜಾರ್ಜಿಯಾದ ಸುವಾನಿಯಲ್ಲಿರುವ ಮಗಳ ಮನೆಗೆ ಕಾರಿನಲ್ಲಿ ಹೊರಟರೆ ಎರಡೂ ಕ್ಯಾರೊಲಿನಾಗಳು ಮುಗಿಯುವವರೆಗೆ ಅವನದೇ ಪುರಾಣ. ಜಾರ್ಜಿಯಾದ ಗಡಿ ದಾಟುವ ಹೊತ್ತಿಗೆ ಆ ಮನುಷ್ಯ ಸತ್ತಿರುತ್ತಿದ್ದ. ವಾಪಸು ಬರುವಾಗ ಮತ್ತೆ ಹುಟ್ಟುತ್ತಿದ್ದ.

ನಮ್ಮವರು ರಕ್ತನಾಳಗಳ ಸರ್ಜನ್. ನಾನು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದವಳು. ಎಂದರೆ ಮೊದಲ ವರ್ಷದ ಮಕ್ಕಳಿಗೆ ಹೆಣ ಕೊಯ್ಯುವುದನ್ನು ಹೇಳಿಕೊಡುವವಳು. ಇಬ್ಬರೂ ಮೈಸೂರಿನಲ್ಲಿ ಓದಿ ಎಪ್ಪತ್ತರ ದಶಕದಲ್ಲಿ ಈ ಕಡೆ ಬಂದೆವು. ಅವರು ಬದುಕಿರುವವರನ್ನು ಕೊಯ್ದು ಹೊಲಿಯುತ್ತಿದ್ದರು. ನಾನು ಸತ್ತವರನ್ನು ಕೊಯ್ಯಿಸುತ್ತಿದ್ದೆ, ಹೊಲಿಯುವ ಪ್ರಮೇಯವೇ ಇರಲಿಲ್ಲ. ನಮ್ಮ ಮನೆಗೆ ಬಂದ ನೆಂಟರು, "ಊಟ ಆಗೋವರೆಗಾದ್ರೂ ಬೇರೆ ಏನಾದ್ರೂ ಮಾತಾಡಿ, ಪುಣ್ಯ ಬರತ್ತೆ" ಎಂದು ಕೈಮುಗಿಯುತ್ತಿದ್ದರು.

ಆ ಲಂಡನ್ನಿನವನ ಕಥೆ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಶಾಲೆಯ ಓದು ತಲೆಗೆ ಹತ್ತದ ಹಳ್ಳಿಯವನು. ಅಣ್ಣ ಲಂಡನ್ನಿನಲ್ಲಿ ಅನಾಟಮಿ ಶಾಲೆ ಇಟ್ಟಿದ್ದ. ಪಾಠಕ್ಕೆ ಹೆಣಗಳನ್ನು ಸಿದ್ಧಮಾಡಿ ಕೊಡಲು ಅಲ್ಲಿಗೆ ಸೇರಿದವನು ಕೈಚಳಕದಲ್ಲಿ ಅಣ್ಣನನ್ನೇ ಮೀರಿಸಿದ. ಸೈನ್ಯದ ಜೊತೆ ಹೋಗಿ ಗುಂಡೇಟಿನ ಗಾಯಗಳನ್ನು ನೋಡಿ ಬಂದ. ಪುಸ್ತಕದಲ್ಲಿ ಬರೆದಿದೆ ಎಂದರೆ ಅವನಿಗೆ ಸಾಲದು, ಮಾಡಿ ನೋಡಬೇಕು. ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟ, ಅದು ಅಲ್ಲಿ ಹಿಡಿದುಕೊಂಡಿತು. ಗುಪ್ತರೋಗದ ಕೀವನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷೆ ಮಾಡಿದ ಎಂದೂ ಹೇಳುತ್ತಾರೆ. ಮಾಡಿದ್ದರೆ, ಅಷ್ಟೆಲ್ಲ ಅನುಭವಿಸಿಯೂ ಎರಡು ಬೇರೆ ರೋಗಗಳನ್ನು ಒಂದೇ ಎಂದುಕೊಂಡ ಅವನ ತೀರ್ಮಾನ ಮಾತ್ರ ತಪ್ಪು. ಅವನ ಮನೆಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಮುಂದಿನಿಂದ ರೋಗಿಗಳು ಬರುತ್ತಿದ್ದರು. ಹಿಂದಿನಿಂದ ಗೋರಿ ಅಗೆದು ಕದ್ದ ಹೆಣಗಳು ಬರುತ್ತಿದ್ದವು.

ನಮ್ಮವರಿಗೆ ಅವನು ದೇವರಾದದ್ದು ಒಂದು ಜಿಂಕೆಯ ದೆಸೆಯಿಂದ. ಜಿಂಕೆಯ ಎಳೆಯ ಕೊಂಬಿಗೆ ರಕ್ತ ಒಯ್ಯುವ ನಾಳವನ್ನು ಅವನು ಕಟ್ಟಿಬಿಟ್ಟನಂತೆ. ಕೊಂಬು ತಣ್ಣಗಾಯಿತು. ಉದುರಿಹೋಗುತ್ತದೆ ಎಂದುಕೊಂಡು ಕೆಲವು ದಿನ ಬಿಟ್ಟು ಮುಟ್ಟಿ ನೋಡಿದರೆ ಮತ್ತೆ ಬೆಚ್ಚಗಿದೆ. ದೊಡ್ಡ ದಾರಿ ಮುಚ್ಚಿದರೆ ಸಣ್ಣ ಸಣ್ಣ ಓಣಿಗಳು ತಾವೇ ಅಗಲವಾಗುತ್ತವೆ. ಇದನ್ನು ಕಂಡ ಮೇಲೆ, ಮಂಡಿಯ ಹಿಂದೆ ರಕ್ತನಾಳ ಊದಿಕೊಂಡು ಕಾಲನ್ನೇ ಕಳೆದುಕೊಳ್ಳುತ್ತಿದ್ದ ಗಾಡಿ ಹೊಡೆಯುವವನೊಬ್ಬನಿಗೆ ತೊಡೆಯಲ್ಲೇ ನಾಳ ಕಟ್ಟಿ ಕಾಲು ಉಳಿಸಿದ. "ಅವನು ಆ ಜಿಂಕೆ ಮುಟ್ಟಿ ನೋಡದೆ ಇದ್ದಿದ್ರೆ ನಾನು ಯಾರ ಕಾಲೂ ಉಳಿಸ್ತಿರ್ಲಿಲ್ಲ ಕಣೇ" ಎನ್ನುತ್ತಿದ್ದರು. ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಮದುವೆಯ ವಿಷಯ ಹೇಳುವಾಗ ಎಂದೂ ಆಗಿದ್ದಿಲ್ಲ.

ಕೋವಿಡ್ ಬಂದು ಎಲ್ಲರೂ ಮನೆಯಲ್ಲೇ ಕೂತ ಮೊದಲ ವರ್ಷ, ನಮ್ಮ ಕಡೆಯ ಕನ್ನಡ ಹಿರಿಯರೆಲ್ಲ ಭಾನುವಾರ ಮಧ್ಯಾಹ್ನ ಜೂಮ್‌ನಲ್ಲಿ ಸೇರುತ್ತಿದ್ದೆವು. ಒಬ್ಬರು ವಚನ ಹೇಳಿದರೆ ಇನ್ನೊಬ್ಬರು ಮಂಡಿನೋವಿಗೆ ವ್ಯಾಯಾಮ ತೋರಿಸುತ್ತಿದ್ದರು. ನಮ್ಮವರ ಸರದಿ ಬಂದಾಗ ನನ್ನ ಸವತಿಯನ್ನು ಕರೆತಂದು ಕೂರಿಸಿದರು. ಜಿಂಕೆ, ಹುಂಜ, ಗಾಡಿಯವ ಎಲ್ಲ ಆಯಿತು. ಆಮೇಲೆ ಒಬ್ಬ ಉದ್ದನೆಯವನ ಕಥೆ ಬಂತು.

ಅವನು ಐರ್ಲೆಂಡಿನಿಂದ ಬಂದ ಯುವಕ. ಎಂಟು ಅಡಿಗೆ ಸ್ವಲ್ಪ ಕಡಿಮೆ. ಲಂಡನ್ನಿನ ಜನ ದುಡ್ಡು ಕೊಟ್ಟು ಅವನನ್ನು ನೋಡಲು ಬರುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಿದ್ದ. ಆ ಶಸ್ತ್ರವೈದ್ಯನ ಕಣ್ಣು ತನ್ನ ಮೂಳೆಗಳ ಮೇಲಿದೆ ಎಂದು ಅವನಿಗೆ ಗೊತ್ತಿತ್ತು. ನಾನು ಸತ್ತರೆ ಅವನ ಕೈಗೆ ಕೊಡಬೇಡಿ, ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಹಾಕಿ ಎಂದು ಗೆಳೆಯರನ್ನು ಬೇಡಿಕೊಂಡ. ಗೆಳೆಯರು ಪೆಟ್ಟಿಗೆ ಹೊತ್ತು ಹೋಗಿ ಸಮುದ್ರಕ್ಕೆ ಹಾಕಿಯೂ ಹಾಕಿದರು. ಆದರೆ ಅದರಲ್ಲಿ ಕಲ್ಲುಗಳಿದ್ದವು ಎನ್ನುತ್ತಾರೆ. ದಾರಿಯಲ್ಲೇ ಶಸ್ತ್ರವೈದ್ಯನ ಕಡೆಯವರು ಲಂಚ ಕೊಟ್ಟು ಹೆಣ ಬದಲಾಯಿಸಿ ಆಗಿತ್ತು. ಆ ಅಸ್ಥಿಪಂಜರ ಎರಡು ಶತಮಾನಕ್ಕೂ ಹೆಚ್ಚು ಕಾಲ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಹಿಂದೆ ನಿಂತಿತ್ತು.

ಒಬ್ಬ ಆಂಟಿ ಕೇಳಿದರು, "ಡಾಕ್ಟ್ರೇ, ಆ ಹುಡುಗನ ಆತ್ಮಕ್ಕೆ ಶಾಂತಿ ಸಿಕ್ತಾ?"

"ಆತ್ಮ ನನ್ನ ಸ್ಪೆಶಾಲಿಟಿ ಅಲ್ಲಮ್ಮ. ನಂದು ಬರೀ ರಕ್ತನಾಳ" ಎಂದರು ಇವರು. ಎಲ್ಲ ಚೌಕಗಳೂ ನಕ್ಕವು.

ನಾನು ನಗಲಿಲ್ಲ. ನಮ್ಮಿಬ್ಬರಿಗೂ ಇದ್ದ ಒಂದೇ ಹಳೆಯ ಜಗಳ ಇದು. ಸತ್ತವನಿಗೆ ಆಸೆ ಎಂಬುದಿಲ್ಲ, ಅವನ ಮೂಳೆಯಿಂದ ಬದುಕಿರುವವರು ಕಲಿಯುವುದಿದೆ, ಅದೇ ದೊಡ್ಡದು ಎಂದು ಅವರು. ಕೊಟ್ಟದ್ದಕ್ಕೂ ಕದ್ದದ್ದಕ್ಕೂ ವ್ಯತ್ಯಾಸವಿಲ್ಲವೇ ಎಂದು ನಾನು. ನನ್ನ ಲ್ಯಾಬಿಗೆ ಬಂದವರೆಲ್ಲ ತಾವಾಗಿ ಬರೆದುಕೊಟ್ಟು ಬಂದವರು. ಅದರಿಂದಲೇ ನಾನು ಅಷ್ಟು ವರ್ಷ ಆ ವಾಸನೆಯಲ್ಲಿ ನಿಂತು ಪಾಠ ಹೇಳಿ, ಮನೆಗೆ ಬಂದು ಕೈ ತೊಳೆದು, ನೆಮ್ಮದಿಯಾಗಿ ಅನ್ನ ಉಂಡೆ. ನಾವಿಬ್ಬರೂ ನಮ್ಮ ದೇಹಗಳನ್ನು ನಾನು ಕಲಿಸಿದ ಕಾಲೇಜಿಗೇ ಕೊಡುವುದೆಂದು ಯಾವತ್ತೋ ಬರೆದುಕೊಟ್ಟಾಗಿತ್ತು. ಅದರಲ್ಲಿ ಮಾತ್ರ ಜಗಳವಿರಲಿಲ್ಲ.

ಲಸಿಕೆಗಳು ಬಂದು ಜನ ಮತ್ತೆ ಮುಖ ಮುಖ ನೋಡುವ ಹೊತ್ತಿಗೆ ನಮ್ಮವರಿಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಯಿತು. ಸ್ಕ್ಯಾನನ್ನು ಅವರೇ ನೋಡಿದರು. ಆಪರೇಷನ್ ಮಾಡುವ ಘಟ್ಟ ದಾಟಿದೆ ಎಂದು ಡಾಕ್ಟರು ಬಾಯಿ ಬಿಡುವ ಮುಂಚೆ ಇವರೇ ಹೇಳಿದರು. ಚಳಿಗಾಲ ಹೇಗೋ ಕಳೆಯಿತು. ವಸಂತದಲ್ಲಿ ಹಾಸಿಗೆ ಹಿಡಿದರು. ಕೊನೆಗಾಲದ ಆರೈಕೆ ಮಾಡುವ ಹಾಸ್ಪಿಸ್‌ನವರು ಲಿವಿಂಗ್ ರೂಮಿನಲ್ಲಿ ಮಂಚ ಹಾಕಿಕೊಟ್ಟರು. ಅಲ್ಲಿಂದ ನೇರಕ್ಕೆ ಹಿತ್ತಿಲ ಕಡೆ ಗಾಜು ಹಾಕಿದ ಬಿಸಿಲುಕೋಣೆಯ ಬಾಗಿಲು ಕಾಣುತ್ತಿತ್ತು.

ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಚಮಚ ದೂರ ತಳ್ಳಿ ಬಾಗಿಲ ಕಡೆ ನೋಡಿದರು. "ಅವನಿಗೆ ಕೂರೋಕೆ ಹೇಳು. ನಿಂತ್ರೆ ತಲೆ ತಾಗತ್ತೆ."

"ಯಾರಿಗೆ?"

"ಅವನೇ. ಉದ್ದನೆಯವನು."

ಮಾರ್ಫಿನ್ ಹಾಗೆಲ್ಲ ಮಾಡುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ತಿರುಗಿ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅಂದಿನಿಂದ ದಿನಾ ಅವನು ಬರುತ್ತಿದ್ದ. ಏನೂ ಮಾಡುತ್ತಿರಲಿಲ್ಲವಂತೆ, ಬಾಗಿಲಿನ ಚೌಕಟ್ಟಿಗೆ ಕತ್ತು ಬಗ್ಗಿಸಿ ನಿಂತಿರುತ್ತಿದ್ದನಂತೆ. ಇಡೀ ಜೀವಮಾನ ಅವನನ್ನು ಮೂಳೆ ಎಂದವರು ಈಗ ಅವನಿಗೆ ಬಾಯಾರಿಕೆಯಾಗಿದೆಯೋ ಏನೋ ಕೇಳು ಎನ್ನುತ್ತಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ಆ ಬಾಗಿಲಲ್ಲಿ ಓಡಾಡುವಾಗ ಒಂದು ಪಕ್ಕಕ್ಕೆ ಸರಿದು ಹೋಗುವುದು ಅಭ್ಯಾಸವಾಯಿತು.

ಹಾಗೇ ಒಂದು ದಿನ ನಿಚ್ಚಳವಾಗಿ ಎಚ್ಚರವಿದ್ದಾಗ ಅವರೇ ಮಾತು ತೆಗೆದರು. "ಅವನು ಕೇಳ್ಕೊಂಡಿದ್ದ ಅಲ್ವಾ, ಸಮುದ್ರಕ್ಕೆ ಹಾಕಿ ಅಂತ?"

"ಹೌದು."

"ನಮ್ಮ ಸರ್ಜನ್ ಕೂಡ ಕೇಳ್ಕೊಂಡಿದ್ದ. ಸತ್ತ ಮೇಲೆ ನನ್ನ ಹಾರ್ಟ್ ತೆಗೆದು ನನ್ನ ಕಲೆಕ್ಷನ್‌ನಲ್ಲೇ ಇಡಿ ಅಂತ. ಕೊಯ್ದು ನೋಡಿದ್ರು, ಇಡಲಿಲ್ಲ. ಬೇಡ ಅಂದವನನ್ನ ಇಟ್ಕೊಂಡ್ರು, ಇಡಿ ಅಂದವನನ್ನ ಹೂತುಬಿಟ್ರು." ಉಸಿರು ಸುಧಾರಿಸಿಕೊಂಡರು. "ಕೇಳ್ಕೊಂಡಿದ್ದು ಕೊಡಬೇಕು ಕಣೇ. ಅಷ್ಟೇ ಇರೋದು."

ಅಷ್ಟು ವರ್ಷದ ಜಗಳದಲ್ಲಿ ನಾನು ಗೆದ್ದಿದ್ದೆ. ಗೆದ್ದ ಸಂತೋಷ ಮಾತ್ರ ಇರಲಿಲ್ಲ.

ನಮ್ಮ ಲ್ಯಾಬಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಮಕ್ಕಳು ಮೊದಲ ದಿನ ಬರುವಾಗ ಪ್ರತಿ ದೇಹದ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿರುತ್ತೇವೆ. ಬೆನ್ನಿನಿಂದ ಶುರು. ಆಮೇಲೆ ತೋಳು, ಎದೆ, ಹೊಟ್ಟೆ, ಕಾಲು. ಕೊನೆಗೆ ಕುತ್ತಿಗೆ ಮತ್ತು ತಲೆ. ಆ ವಾರ ಬಂದಾಗಲೇ ಬಟ್ಟೆ ತೆಗೆಯುವುದು. ಅಷ್ಟರೊಳಗೆ ಕೈ ನಡುಗುವುದು ನಿಂತಿರುತ್ತದೆ, ಆದರೂ ಆ ದಿನ ಒಬ್ಬರಾದರೂ ಹೊರಗೆ ಹೋಗಿ ಅತ್ತು ಬರುತ್ತಾರೆ. ಇದನ್ನೆಲ್ಲ ನಾನು ಮನೆಯಲ್ಲಿ ಹುಳಿಗೆ ತರಕಾರಿ ಹೆಚ್ಚುತ್ತಾ ಅವರಿಗೆ ಹೇಳಿದ್ದುಂಟು.

ಮಾರನೆಯ ದಿನ ನನ್ನ ಕೈ ಹಿಡಿದುಕೊಂಡು ಅವರು ಹೇಳಿದ್ದು ಇಷ್ಟು. "ಕೊಡು. ಎಲ್ಲಾ ಕೊಡು. ಮುಖ ಮಾತ್ರ ಬೇಡ. ಆ ಬಟ್ಟೆ ತೆಗೆಸಬೇಡ."

ಯಾಕೆ ಎಂದು ಕೇಳಿದೆ.

"ಯಾಕೆ ಅಂತ ಗೊತ್ತಿಲ್ಲ. ಭಯ ಆಗತ್ತೆ."

ನನ್ನ ಗಂಡ ಭಯವೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು "ಆಗಲಿ" ಎಂದೆ. ದೇಹ ಕೊಡುವವರು ಇದು ಬೇಕು ಅದು ಬೇಡ ಎಂದು ಷರತ್ತು ಹಾಕುವಂತಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಪಾಠ ಹೇಳುವಾಗ ಅಂಥ ಕೋರಿಕೆ ತಂದ ಮನೆಯವರನ್ನು ನಾನೇ ಕೂರಿಸಿ, ಕಾಫಿ ಕೊಟ್ಟು, ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಆದರೂ ಆಗಲಿ ಎಂದೆ. ಅವರು ಕೈ ಬಿಟ್ಟು ನಿದ್ದೆ ಹೋದರು. ಆ ವಾರದಲ್ಲೇ, ಬೆಳಗಿನ ಕಾಫಿಯ ಹೊತ್ತಿಗೆ, ಹೋಗಿಬಿಟ್ಟರು.

ಕಾಲೇಜಿನ ವ್ಯಾನು ಬೇಗ ಬಂತು. ಬೇಗ ಬರಲೇಬೇಕು, ಅದೂ ನನಗೆ ಗೊತ್ತು. ಬಾಯಿಗೆ ಗಂಗಾಜಲ, ತುಳಸಿ ಹಾಕಿದೆ. ತುಳಸಿ ನಮ್ಮ ಕಿಟಕಿಯ ಕುಂಡದ್ದು. ಮಗಳು ಅಟ್ಲಾಂಟಾದಿಂದ ವಿಮಾನ ಹಿಡಿದು ಮನೆ ಸೇರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಅವಳು ಒಬ್ಬಳೇ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪನ ದೇಹದಾನದ ವಿಷಯ ಮೊದಲಿನಿಂದಲೂ ಗೊತ್ತಿದ್ದವಳು. ಗೊತ್ತಿರುವುದು ಬೇರೆ, ಖಾಲಿ ಮಂಚ ನೋಡುವುದು ಬೇರೆ.

"ಅಮ್ಮ, ನಾನ್ ಏನ್ ಸುಡ್ಲಿ? ಐ ಹ್ಯಾವ್ ನಥಿಂಗ್" ಎಂದು ಆ ಮಂಚದ ಮೇಲೆ ಕೂತು ಅತ್ತಳು.

ಲ್ಯಾನ್‌ಹ್ಯಾಮ್‌ನ ದೇವಸ್ಥಾನದಲ್ಲಿ ಪರಿಚಯವಿದ್ದ ಪುರೋಹಿತರೊಬ್ಬರಿಗೆ ಫೋನ್ ಮಾಡಿದೆ. ಅವರು ಬೇಸರಿಸಲಿಲ್ಲ. ದೇಹ ಸಿಗದಿದ್ದಾಗ ದರ್ಭೆಯಿಂದ ಒಂದು ಆಕಾರ ಮಾಡಿ ಅದಕ್ಕೇ ಸಂಸ್ಕಾರ ಮಾಡುವ ಕ್ರಮವಿದೆ, ಮಗಳೇ ಮಾಡಲಿ ಎಂದರು. ನಮ್ಮ ಗ್ಯಾರೇಜಿನ ಮುಂದೆ, ಮಗಳು ತಂದ ದೊಡ್ಡ ಅಲ್ಯೂಮಿನಿಯಂ ಟ್ರೇಯಲ್ಲಿ, ಅವರು ದರ್ಭೆ ಹರಡಿ ಕೈ ಕಾಲು ಎದೆ ಜೋಡಿಸಿದರು. ತಲೆಯ ಜಾಗಕ್ಕೆ ಒಂದು ತೆಂಗಿನಕಾಯಿ ಇಡಿಸಿದರು. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟು, ಬೆಂಕಿ ಹಚ್ಚಿದಳು. ಆ ಕಾಯಿಯ ಮೂರು ಕಣ್ಣು ನನ್ನ ಕಡೆಗಿದ್ದವು. ಇಲ್ಲಿ ಮುಖವೊಂದು ಸುಡುತ್ತಿದೆ, ಅಲ್ಲಿ ನಿಜವಾದ ಮುಖ ಕಾಯುತ್ತಿದೆ ಎಂದು ಅನ್ನಿಸಿ ಒಳಗೆ ಹೋಗಿ ನೀರು ಕುಡಿದೆ.

ಬೇಸಗೆ ಪೂರಾ ಏನೂ ಆಗಲಿಲ್ಲ. ಆಗಸ್ಟಿನಲ್ಲಿ ಕಾಲೇಜು ತೆರೆಯಿತು. ಆಗ ಶುರುವಾಯಿತು ನೋಡಿ.

ಗಂಡ ಸತ್ತ ಹೆಂಗಸರಿಗೆ ತಿಥಿ, ಮಾಸಿಕ ಎಂದು ಒಂದು ಲೆಕ್ಕವಿರುತ್ತದೆ. ನನಗಿದ್ದದ್ದು ಪಠ್ಯಕ್ರಮ. ಅದನ್ನು ಬರೆದವಳೇ ನಾನು. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ, ಇವತ್ತು ಬೆನ್ನಿನ ಸ್ನಾಯುಗಳು ಎಂದು ತಾನಾಗಿಯೇ ತಲೆಗೆ ಬರುತ್ತಿತ್ತು. ಆ ಬೆನ್ನಿಗೆ ನಾನು ಎಣ್ಣೆ ಹಚ್ಚಿದ್ದೇನೆ. ಮರಗಳ ಎಲೆ ಕೆಂಪಾಗುವ ಹೊತ್ತಿಗೆ ತೋಳು, ಮುಂಗೈ. ಅಂಗೈಯ ಪಾಠ ಎರಡು ದಿನ ಹಿಡಿಯುತ್ತದೆ. ಯಾವ ಮಗು ಅವರ ಹೆಬ್ಬೆರಳನ್ನು ಹಿಡಿದುಕೊಂಡಿದೆಯೋ ಎಂದುಕೊಂಡು ಅಡುಗೆಮನೆಯಲ್ಲಿ ನಿಂತುಬಿಡುತ್ತಿದ್ದೆ. ಎದೆ ತೆರೆಯುವ ದಿನ ನಾನು ಕಾರು ಹತ್ತಿ ಸುಮ್ಮನೆ ಹೊರಟು ಬಾಲ್ಟಿಮೋರ್ ಕಡೆಗೆ ಹೋಗಿ, ಯಾವುದೋ ಅಂಗಡಿಯಲ್ಲಿ ಬೇಡದ ಪರದೆ ಕೊಂಡು ಬಂದೆ. ಹೆದರಿಕೆ ದೇಹ ಕೊಟ್ಟಿದ್ದಕ್ಕಲ್ಲ. ಅವರು ಕೊಟ್ಟದ್ದು ಸರಿಯಾಗಿ ಉಪಯೋಗವಾಗುತ್ತಿದೆ ಎಂದು ನನಗೆ ಹೆಮ್ಮೆಯೇ ಇತ್ತು. ಆದರೆ ಎಲ್ಲ ವಾರಗಳೂ ಆ ಒಂದು ವಾರದ ಕಡೆಗೇ ಹೋಗುತ್ತಿದ್ದವು, ಆ ವಾರ ಯಾರೋ ಬಟ್ಟೆಯ ತುದಿ ಹಿಡಿದು ಎತ್ತುತ್ತಾರೆ, ನಾನು ಆಗಲಿ ಎಂದಿದ್ದೆ.

ಮನೆಯಲ್ಲಿ ಬಿಸಿಲುಕೋಣೆಯ ಬಾಗಿಲು ಹಾಗೇ ಇತ್ತು. ನಾನು ಪಕ್ಕಕ್ಕೆ ಸರಿದೇ ಓಡಾಡುತ್ತಿದ್ದೆ. ಆ ಉದ್ದನೆಯವನನ್ನು ನಾನು ಕಂಡೆ ಎಂದು ಹೇಳುವುದಿಲ್ಲ, ಅಷ್ಟು ಕೆಟ್ಟಿಲ್ಲ ನನ್ನ ತಲೆ. ಆದರೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಅವನು ಅಲ್ಲಿ ನಿಂತು ನಾನೇನು ಮಾಡುತ್ತೇನೆಂದು ನೋಡುತ್ತಿದ್ದಾನೆ, ಅವನ ಗೆಳೆಯರಿಗಿಂತ ನಾನು ಮೇಲೋ ಹೇಗೆ ಎಂದು ಕಾಯುತ್ತಿದ್ದಾನೆ, ಹಾಗನ್ನಿಸುತ್ತಿತ್ತು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗಳು ಬಂದಾಗ ಅವಳಿಗೆ ವಿಷಯ ಹೇಳಿದೆ. ಅವಳು ನನ್ನನ್ನೇ ನೋಡಿದಳು. "ಅಮ್ಮ, ಯು ನೋ ಎವ್ರಿಬಡಿ ದೇರ್. ಒಂದ್ ಕಾಲ್ ಮಾಡು."

"ಹಾಗೆಲ್ಲ ಕೇಳಬಾರದು. ರೂಲ್ ಇದೆ."

"ರೂಲ್ ಯಾರ್ ಮಾಡಿದ್ದು?"

"ನಾನೇ."

"ದೆನ್ ಯೂ ಕಾಲ್" ಎಂದು ಫೋನ್ ನನ್ನ ಕೈಗೆ ಕೊಟ್ಟು ಎದ್ದುಹೋದಳು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಅದು ನನ್ನ ಪಾಲಿಗೆ ಬಂದಿತ್ತು. ನಮ್ಮ ಊರಿನಲ್ಲಿ ಕೆಲಸವಾಗಬೇಕಾದರೆ ಗೊತ್ತಿರುವವರನ್ನು ಹಿಡಿಯುವುದು ಜನ್ಮಸಿದ್ಧ ವಿದ್ಯೆ. ಈ ದೇಶಕ್ಕೆ ಬಂದ ಮೇಲೆ ಅದನ್ನು ಮರೆತೆ ಎಂದು ಜಂಬ ಪಡುತ್ತಿದ್ದವಳು ನಾನು. ಈಗ ಆ ವಿಭಾಗವನ್ನು ನಡೆಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಫೋನಿನಲ್ಲಿ ವಿಷಯ ಹೇಳಿ ಮುಗಿಸುವಾಗ ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಮುದುಕಿಯ ಹಾಗೆ.

"ನೀವು ನನಗೆ ಹೇಳಿಕೊಟ್ಟಿದ್ದು ನೆನಪಿದೆಯಾ? ಒಬ್ಬರಿಗೆ ಹೂಂ ಅಂದರೆ ಎಲ್ಲರಿಗೂ ಹೂಂ ಅನ್ನಬೇಕು ಅಂತ" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ನೆನಪಿದೆ. ಅದಕ್ಕೇ ಇಷ್ಟು ದಿನ ಫೋನ್ ಮಾಡಲಿಲ್ಲ."

"ಮುಖವಿಲ್ಲದಿದ್ದರೆ ಆ ಟೇಬಲ್ಲಿನ ಮಕ್ಕಳಿಗೆ ಪಾಠ ಅರ್ಧ ಆಗತ್ತೆ."

"ಬೇರೆ ಟೇಬಲ್ಲಿಗೆ ಸೇರಿಸು. ಜಾಗ ಮಾಡಬಹುದು, ನನಗೆ ಗೊತ್ತು."

ಕೊನೆಗೆ, "ಬಟ್ಟೆ ಹಾಗೇ ಇರತ್ತೆ. ಮನೆಯವರ ಕೋರಿಕೆ ಅಂತ ಮಕ್ಕಳಿಗೆ ಹೇಳ್ತೀನಿ. ಯಾರ ಮನೆಯವರು ಅಂತ ಹೇಳಲ್ಲ" ಎಂದಳು. ಫೋನ್ ಇಟ್ಟು, ಬೇಸಗೆಯಿಂದ ಮೊದಲ ಸಲ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ.

ಕುತ್ತಿಗೆ, ತಲೆಯ ವಾರಗಳು ಬಂದು ಹೋದವು. ನನ್ನ ಮಾತು ಉಳಿದಿತ್ತು. ಆ ಚಳಿಗಾಲದಲ್ಲೇ, ಲಂಡನ್ನಿನ ಆ ವಸ್ತುಸಂಗ್ರಹಾಲಯದವರು ಉದ್ದನೆಯವನ ಅಸ್ಥಿಪಂಜರವನ್ನು ಇನ್ನು ಪ್ರದರ್ಶನಕ್ಕೆ ಇಡುವುದಿಲ್ಲವೆಂದು ತೀರ್ಮಾನಿಸಿದ ಸುದ್ದಿ ಓದಿದೆ. ಸಮುದ್ರಕ್ಕೇನೂ ಹಾಕುವುದಿಲ್ಲವಂತೆ, ಒಳಗೆ ಇಟ್ಟುಕೊಳ್ಳುತ್ತಾರಂತೆ. ಜನ ನೋಡುವುದಿಲ್ಲ, ಅಷ್ಟೇ. ನಮ್ಮವರಿಗೆ ಹೇಳಬೇಕೆಂದು ಪೇಪರ್ ಮಡಿಸಿಕೊಂಡು ಎದ್ದವಳು, ಖಾಲಿ ಲಿವಿಂಗ್ ರೂಮಿನಲ್ಲಿ ನಿಂತೆ.

ಪ್ರತಿ ವಸಂತದಲ್ಲಿ ಕಾಲೇಜಿನ ಮಕ್ಕಳು ದೇಹ ಕೊಟ್ಟವರ ನೆನಪಿಗೆ ಒಂದು ಸಭೆ ಮಾಡುತ್ತಾರೆ. ಮನೆಯವರನ್ನು ಕರೆಯುತ್ತಾರೆ. ವರ್ಷ ವರ್ಷ ಅಲ್ಲಿ ಟೀಚರ್ ಆಗಿ ನಿಲ್ಲುತ್ತಿದ್ದವಳು ಈ ಸಲ ಕುರ್ಚಿಗಳ ಸಾಲಿನಲ್ಲಿ ಮಗಳ ಪಕ್ಕ ಕೂತೆ. ಒಬ್ಬ ಹುಡುಗ ಪಿಟೀಲು ಬಾರಿಸಿದ. ಇನ್ನೊಬ್ಬಳು ಪದ್ಯ ಓದಿದಳು. ಆಮೇಲೆ ಒಬ್ಬ ಹುಡುಗಿ ಎದ್ದು ಬಂದು, ತಾನು ಸೌತ್ ಕ್ಯಾರೊಲಿನಾದವಳು ಎಂದು ಹೇಳಿಕೊಂಡು, ಕಾಗದವಿಲ್ಲದೆ ಮಾತಾಡಿದಳು. "ನಮ್ಮ ಟೇಬಲ್ಲಿನವರ ಮುಖವನ್ನು ನಾವು ಕೊನೆಯವರೆಗೂ ನೋಡಲಿಲ್ಲ. ಅವರ ಮನೆಯವರು ಬೇಡವೆಂದಿದ್ದರು. ನಾನು ಅವರ ಕೈಯಿಂದಲೇ ಅವರನ್ನು ತಿಳಿದುಕೊಂಡೆ. ಅವರಿಗೆ ಥ್ಯಾಂಕ್ಸ್."

ನನ್ನ ಮಗಳು ನನ್ನ ಮೊಣಕೈ ಹಿಡಿದಳು. ನಾನು ಅಲುಗಾಡಲಿಲ್ಲ.

ಸಭೆ ಮುಗಿದ ಮೇಲೆ ಮಗಳು, ಪಾಠ ಮುಗಿದ ಮೇಲೆ ಕಾಲೇಜಿನವರೇ ಸುಟ್ಟು ಕೊಡುವ ಅಪ್ಪನ ಬೂದಿಯ ವಿಷಯ ವಿಚಾರಿಸಲು ಆಫೀಸಿನ ಕಡೆ ಹೋದಳು. ಬಿಸ್ಕತ್ತು, ಜ್ಯೂಸು ಇಟ್ಟಿದ್ದ ಮೇಜಿನ ಹತ್ತಿರ ಆ ಹುಡುಗಿ ಒಬ್ಬಳೇ ನಿಂತಿದ್ದಳು. ಹೋಗಬಾರದೆಂದುಕೊಂಡೇ ಹೋದೆ. "ಆ ಬಟ್ಟೆಯ ಕೆಳಗಿದ್ದದ್ದು ನನ್ನ ಗಂಡ" ಎಂದೆ.

ಅವಳು ಕೈಯ ತಟ್ಟೆ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು. ಈ ಕೈ ಆ ಕೈಯನ್ನು ಹಿಡಿದಿದೆ ಎಂದುಕೊಂಡೆ.

"ಮ್ಯಾಮ್, ಅಲ್ಲಿ ಎಲ್ಲರ ಮುಂದೆ ನಾನು ಒಂದು ಹೇಳಲಿಲ್ಲ" ಎಂದಳು. "ಅವರು ನನ್ನ ಕನಸಿಗೆ ಬರ್ತಾರೆ. ಬೇರೆ ಟೇಬಲ್ಲಿನ ಸ್ನೇಹಿತರಿಗೂ ಕನಸು ಬೀಳತ್ತೆ, ಆದರೆ ಅವರಿಗೆ ಮುಖ ಕಾಣತ್ತೆ. ಕಂಡು ಮುಗಿದು ಹೋಗತ್ತೆ. ನನ್ನವರಿಗೆ ಮುಖ ಇಲ್ಲ. ಬಟ್ಟೆಯೂ ಇಲ್ಲ. ಮುಖವೇ ಇ‌ಲ್ಲ. ಬಂದು ನನ್ನ ಎದುರಿಗೆ ನಿಲ್ಲುತ್ತಾರೆ. ನನಗೆ ತುಂಬ ಭಯ ಆಗತ್ತೆ." ಕಣ್ಣೊರೆಸಿಕೊಂಡಳು. "ಅವರು ಹೇಗಿದ್ದರು ಅಂತ ಕೇಳಬಹುದಾ?"

ನನ್ನ ಬ್ಯಾಗಿನಲ್ಲಿ ಫೋನಿತ್ತು. ಫೋನಿನಲ್ಲಿ ಅವರ ಫೋಟೋಗಳು ಬೇಕಾದಷ್ಟಿದ್ದವು. ಭಯವಾಗುತ್ತದೆ ಎಂದು ಅವರು ಅಂದಿದ್ದಕ್ಕೆ ನಾನು ಬಟ್ಟೆ ಹಾಕಿಸಿದೆ. ಆ ಭಯ ಎಲ್ಲಿಗೂ ಹೋಗಿರಲಿಲ್ಲ, ಈ ಹುಡುಗಿಯ ಪಾಲಿಗೆ ಬಂದಿತ್ತು. ನನ್ನ ಸವತಿ ಆ ಲಂಡನ್ನಿನವನಾಗಿದ್ದರೆ ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ, ಸತ್ತವನದು ಮುಗಿಯಿತು, ಬದುಕಿರುವವಳಿಗೆ ತೋರಿಸು ಎನ್ನುತ್ತಿದ್ದ. ನಾನು ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟೆ. ತೆಗೆಯಲಾಗಲಿಲ್ಲ. ಕೊನೆಗೆ ಬಾಯಲ್ಲೇ ಹೇಳಿದೆ. ಹಣೆ ಅಗಲ, ಹುಬ್ಬು ದಪ್ಪ, ಎಡ ಹುಬ್ಬಿನಲ್ಲಿ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು. ಮೂಗು ನನ್ನ ಅತ್ತೆಯದೇ. ನಗುವಾಗ ಒಂದು ಕಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರಿರುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು, ಪಾಠ ಬರೆದುಕೊಳ್ಳುವ ಮಕ್ಕಳ ಹಾಗೆ ತುಟಿ ಅಲುಗಿಸುತ್ತಿದ್ದಳು.

"ಥ್ಯಾಂಕ್ ಯೂ ಮ್ಯಾಮ್. ಇನ್ನು ಬಂದರೆ ಗುರುತು ಹಿಡೀತೀನಿ" ಎಂದಳು.

ಆಗ ನನಗಾದದ್ದನ್ನು ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಯಿತು. ಹೋದ ದಿನದಿಂದ ಅಲ್ಲಿಯವರೆಗೆ ಅವರು ನನ್ನ ಕನಸಿಗೆ ಒಂದು ಸಲವೂ ಬಂದಿರಲಿಲ್ಲ. ಐವತ್ತು ವರ್ಷ ಒಂದೇ ಮನೆಯಲ್ಲಿದ್ದವರು ನನ್ನನ್ನು ಬಿಟ್ಟು, ಹೆಸರೂ ಗೊತ್ತಿಲ್ಲದ ಈ ಹುಡುಗಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅವಳಿಗೆ ಸಮಾಧಾನ ಹೇಳಬೇಕಾದವಳು ನಾನು, ಕೇಳಿದ್ದು ಬೇರೆಯೇ.

"ಬಂದಾಗ ಹೇಗಿರ್ತಾರೆ? ನೋವಿದ್ದ ಹಾಗೆ ಕಾಣತ್ತಾ?"

ಅವಳು ಯೋಚಿಸಿದಳು. "ಇಲ್ಲ ಮ್ಯಾಮ್. ಯಾರನ್ನೋ ಹುಡುಕ್ತಿರೋ ಹಾಗೆ ಇರ್ತಾರೆ."

ನಾನು ನನ್ನ ಫೋನ್ ನಂಬರ್ ಕೊಟ್ಟೆ. ಇನ್ನೊಮ್ಮೆ ಬಂದರೆ, ಯಾವ ಹೊತ್ತಾದರೂ ಸರಿ, ನನಗೊಂದು ಕಾಲ್ ಮಾಡು ಎಂದೆ. ಖಂಡಿತ ಮಾಡ್ತೀನಿ ಎಂದು ಫೋನಿನಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಮಗಳು ಬಂದು ಹೊರಡೋಣ ಎಂದಳು.

ಆ ಹುಡುಗಿ ಈಗ ಓದು ಮುಗಿಸಿ ಎಲ್ಲೋ ಡಾಕ್ಟರಾಗಿರಬೇಕು. ಇದುವರೆಗೆ ಫೋನ್ ಬಂದಿಲ್ಲ. ಅವಳಿಗೆ ಒಳ್ಳೆಯದೇ ಆಯಿತು, ಭಯ ಹೋಯಿತು ಎಂದುಕೊಳ್ಳುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಬೇಡ ಅಮ್ಮ, ಎಲ್ಲಾ ಸ್ಪ್ಯಾಮ್ ಎಂದು ಮಗಳು ಬಯ್ಯುತ್ತಾಳೆ. ನಾನು ಎಲ್ಲವನ್ನೂ ಎತ್ತುತ್ತೇನೆ.